ಕೋಕ್ ಬಾಟಲಿಯ ಆಚೆಗಿನ ಕಲಹಾರಿ: ಆಫ್ರಿಕಾದ ಮೂಲನಿವಾಸಿಗಳನ್ನು ಸಿನಿಮಾ ತೋರಿಸಿದ್ದೆಷ್ಟು, ಮರೆಮಾಚಿದ್ದೆಷ್ಟು?

ಆಕಾಶದಲ್ಲಿ ಹೋಗುವ ಪುಟ್ಟ ವಿಮಾನದಿಂದ ಒಂದು ಕೋಕಾಕೋಲಾ ಬಾಟಲಿ ಕೆಳಗೆ ಬೀಳುತ್ತದೆ. ಮರುಭೂಮಿಯಲ್ಲಿ ಅದನ್ನು ಎತ್ತಿಕೊಂಡವನು ದೇವರೇ ಕಳಿಸಿದ್ದು ಎಂದುಕೊಳ್ಳುತ್ತಾನೆ. ಇರುವುದು ಒಂದೇ ಬಾಟಲಿ, ಬೇಕಾದವರು ಹಲವರು. ಜಗಳವೆಂದರೆ ಏನೆಂದೇ ಗೊತ್ತಿಲ್ಲದ ಕುಟುಂಬದಲ್ಲಿ ಜಗಳ ಶುರುವಾಗುತ್ತದೆ. ಕೊನೆಗೆ ಅವನು ಈ ಕೆಟ್ಟ ವಸ್ತುವನ್ನು ಭೂಮಿಯ ಅಂಚಿನಿಂದ ಆಚೆ ಎಸೆದು ಬರಲು ನಡೆದೇ ಹೊರಡುತ್ತಾನೆ.

'ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ' ಕತೆ ಇದು. ದಕ್ಷಿಣ ಆಫ್ರಿಕಾದ ನಿರ್ದೇಶಕ ಜೇಮಿ ಆಯ್ಸ್ 1980ರಲ್ಲಿ ತೆರೆಗೆ ತಂದ ಈ ಚಿತ್ರವನ್ನು ನಮ್ಮಲ್ಲೂ ಜನ ಥಿಯೇಟರಿನಲ್ಲಿ, ಆಮೇಲೆ ಬಾಡಿಗೆ ವಿಡಿಯೊ ಕ್ಯಾಸೆಟ್‌ನಲ್ಲಿ, ಆಮೇಲೆ ಕೇಬಲ್ ಟಿವಿಯಲ್ಲಿ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಾರೆ. ಆಫ್ರಿಕಾದ ಮೂಲನಿವಾಸಿಗಳ ಬಗ್ಗೆ ಒಂದು ಇಡೀ ತಲೆಮಾರಿಗೆ ಇರುವ ತಿಳಿವಳಿಕೆಯಲ್ಲಿ ಬಹುಪಾಲು ಈ ಒಂದೇ ಸಿನಿಮಾದಿಂದ ಬಂದದ್ದು ಎಂದರೂ ತಪ್ಪಾಗದು.

ಈ ಚಿತ್ರ ಕೆಟ್ಟದಾಗಿದ್ದಿದ್ದರೆ ಇಂದು ಅದರ ಬಗ್ಗೆ ಮಾತಾಡಬೇಕಾಗಿ ಬರುತ್ತಿರಲಿಲ್ಲ. ಚೆನ್ನಾಗಿದೆ, ನಗಿಸುತ್ತದೆ, ನಾಯಕನ ಮೇಲೆ ಪ್ರೀತಿ ಹುಟ್ಟಿಸುತ್ತದೆ. ಹಾಗಾಗಿಯೇ ಅದರಲ್ಲಿರುವ ಸುಳ್ಳು ಇಷ್ಟು ವರ್ಷ ಬಾಳಿತು. ಆ ಸುಳ್ಳಿನಿಂದ ಕಲಹಾರಿಯ ಜನರಿಗೆ ಆದ ನಷ್ಟ ಬರೀ ಮಾನ ಮರ್ಯಾದೆಯದ್ದಲ್ಲ, ನೆಲದ್ದು.

ಯಾರು ಈ ಜನ?

ಇಂಗ್ಲಿಷರು, ಡಚ್ಚರು 'ಬುಷ್‌ಮನ್' ಅಂದರು, ಅಂದರೆ ಪೊದೆಗಾಡಿನವರು. ಪುಸ್ತಕಗಳು ಇಂದು 'ಸಾನ್' ಎನ್ನುತ್ತವೆ. ಅದೂ ಅವರ ಸ್ವಂತ ಪದವಲ್ಲ. ದನ ಸಾಕುವ ನೆರೆಯ ಖೊಯ್‌ಖೊಯ್ ಜನ, ದನಕರುಗಳಿಲ್ಲದ ಇವರನ್ನು ಸ್ವಲ್ಪ ತಾತ್ಸಾರದಿಂದಲೇ ಕರೆಯುತ್ತಿದ್ದ ಹೆಸರು ಅದು. ನಿಜಕ್ಕೂ ಇದು ಒಂದೇ ಜನಾಂಗವಲ್ಲ. ನಮೀಬಿಯಾ, ಬೋಟ್ಸ್‌ವಾನಾ, ದಕ್ಷಿಣ ಆಫ್ರಿಕಾ, ಅಂಗೋಲಾಗಳಲ್ಲಿ ಹರಡಿಕೊಂಡಿರುವ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದ ಹಲವು ಸಮುದಾಯಗಳು. ಎಲ್ಲ ಸೇರಿ ಸುಮಾರು ಒಂದು ಲಕ್ಷ ಜನ ಎಂಬುದು ಸಾಮಾನ್ಯ ಅಂದಾಜು. ನಮ್ಮ ಕತೆಗೆ ಸಂಬಂಧಪಟ್ಟವರು ನಮೀಬಿಯಾದ ಈಶಾನ್ಯ ಮೂಲೆಯ ನ್ಯಾಯ್ ನ್ಯಾಯ್ ಪ್ರದೇಶದ ಜುಹುವಾಂಸಿಗಳು. ನಾಲಿಗೆಯನ್ನು ಅಂಗುಳಕ್ಕೋ ಹಲ್ಲಿಗೋ ಒತ್ತಿ ಚಟ್ಟನೆ ಬಿಡುವ 'ಲೊಟಕೆ' ಧ್ವನಿಗಳು ಅವರ ಭಾಷೆಯ ವ್ಯಂಜನಗಳು. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಇಲ್ಲಿ ಬರೆದಿರುವ ಹೆಸರುಗಳೆಲ್ಲ ಆ ಲೊಟಕೆಯನ್ನು ಕಳೆದುಕೊಂಡ ಹೆಸರುಗಳು ಎಂದೇ ಓದಿಕೊಳ್ಳಬೇಕು.

ಚಿತ್ರದಲ್ಲಿ 'ಶಿ' ಎಂಬ ನಾಯಕನಾಗಿ ನಟಿಸಿದ ನಿಕಾವ್ ಈ ಜುಹುವಾಂಸಿ ಸಮುದಾಯದವನು.

ತೆರೆಯ ಮೇಲಿನ ಸ್ವರ್ಗ, ತೆರೆಯ ಹಿಂದಿನ ಊರು

ಚಿತ್ರ ಶುರುವಾಗುವುದು ಸಾಕ್ಷ್ಯಚಿತ್ರದ ಧಾಟಿಯಲ್ಲಿ. ಗಂಭೀರ ಧ್ವನಿಯ ನಿರೂಪಕ ನಮಗೆ ವಿಷಯ ತಿಳಿಸುತ್ತ ಹೋಗುತ್ತಾನೆ: ಇವರಿಗೆ ಹೊರಜಗತ್ತು ಗೊತ್ತಿಲ್ಲ, ಇವರಲ್ಲಿ ಅಪರಾಧವಿಲ್ಲ, ಶಿಕ್ಷೆಯಿಲ್ಲ, ಯಾರಿಗೂ ಯಾವುದೂ ಸ್ವಂತದ್ದಲ್ಲ, ಮರ ಮೂಳೆಗಿಂತ ಗಟ್ಟಿಯಾದ ವಸ್ತುವನ್ನು ಇವರು ಕಂಡೇ ಇಲ್ಲ. ಪ್ರೇಕ್ಷಕ ಇದನ್ನು ಜೋಕ್ ಎಂದು ಕೇಳುವುದಿಲ್ಲ, ಮಾಹಿತಿ ಎಂದು ಕೇಳುತ್ತಾನೆ. ಬಾಟಲಿ ಬಿದ್ದ ಮೇಲಿನದ್ದು ಕಟ್ಟುಕತೆ ಎಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಂಚಿನ ಹತ್ತು ನಿಮಿಷ ಕೂಡ ಕಟ್ಟುಕತೆಯೇ ಎಂದು ಬಹಳ ಜನಕ್ಕೆ ಗೊತ್ತಿಲ್ಲ.

ಒಂದೊಂದಾಗಿ ನೋಡೋಣ. ಗಟ್ಟಿ ವಸ್ತು ಕಂಡಿಲ್ಲ ಎಂಬುದು ಮೊದಲ ಮಾತು. ಬೇಲಿ ತಂತಿಯನ್ನು ಕಲ್ಲಿನ ಮೇಲಿಟ್ಟು ಬಡಿದು ಬಾಣದ ಮೊನೆ ಮಾಡಿಕೊಳ್ಳುವುದು ಅವರಲ್ಲಿ ಎಂದಿನಿಂದಲೋ ಇತ್ತು. ಕಬ್ಬಿಣದ ಚಾಕು, ಹೊಗೆಸೊಪ್ಪು, ಗಾಜಿನ ಮಣಿ ಇವೆಲ್ಲ ನೆರೆಯ ತ್ಸ್ವಾನಾ, ಹೆರೆರೊ ಜನರೊಂದಿಗಿನ ವ್ಯಾಪಾರದಲ್ಲಿ ಬರುತ್ತಿದ್ದವು. ಕಲಹಾರಿ ಯಾವ ಕಾಲದಲ್ಲೂ ಬೀಗ ಹಾಕಿದ ಕೋಣೆಯಾಗಿರಲಿಲ್ಲ.

ಎರಡನೆಯದು ಜಗಳವೇ ಇಲ್ಲದ ಸೌಮ್ಯ ಜನ ಎಂಬ ಮಾತು. ಬೋಟ್ಸ್‌ವಾನಾ ಭಾಗದ ದೋಬೆಯಲ್ಲಿ 1963ರಿಂದ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ, 1920ರಿಂದ 1955ರ ನಡುವೆ ಆ ಸೀಮೆಯಲ್ಲಿ ನಡೆದ 22 ಕೊಲೆಗಳನ್ನು ದಾಖಲಿಸಿದ್ದಾರೆ. ಇದರಿಂದ ಅವರು ಕ್ರೂರಿಗಳು ಎಂದಾಗುವುದಿಲ್ಲ. ನಮ್ಮ ನಿಮ್ಮ ಹಾಗೆ ಸಿಟ್ಟು, ಹೊಟ್ಟೆಕಿಚ್ಚು, ಗಂಡ ಹೆಂಡಿರ ಜಗಳ, ಅದನ್ನು ಸಂಭಾಳಿಸಲು ಬೇಕಾದ ಹಿರಿಯರ ಮಾತು ಎಲ್ಲವೂ ಇದ್ದವರು ಎಂದಾಗುತ್ತದೆ ಅಷ್ಟೆ. ಅವರನ್ನು ದೇವತೆಗಳನ್ನಾಗಿ ಮಾಡಿದ್ದು ಹೊಗಳಿಕೆಯಂತೆ ಕಂಡರೂ, ಮನುಷ್ಯರ ಸಾಲಿನಿಂದ ಎಬ್ಬಿಸಿ ಕಳಿಸಿದ ಹಾಗೆಯೇ.

ಮೂರನೆಯದು, ಯಾರಿಗೂ ಯಾವುದೂ ಸ್ವಂತದ್ದಲ್ಲ ಎನ್ನುವುದು. ಎಲ್ಲಕ್ಕಿಂತ ದುಬಾರಿಯಾದ ಸುಳ್ಳು ಇದು. ಜುಹುವಾಂಸಿ ಭಾಷೆಯಲ್ಲಿ 'ನೋರೆ' ಎಂಬ ಪದವಿದೆ. ಒಂದು ನೀರಿನ ಗುಂಡಿ, ಅದರ ಸುತ್ತಲಿನ ಗೆಡ್ಡೆ ಗೆಣಸು, ಕಾಯಿ ಬೀಜ ಸಿಗುವ ಜಾಗ, ಇಷ್ಟು ಸೇರಿ ಒಂದು ನೋರೆ. ಪ್ರತಿ ನೋರೆಗೂ ಅದರ ಒಡೆಯರು ಎನಿಸಿಕೊಂಡ ಕುಟುಂಬಗಳಿರುತ್ತವೆ. ಹಕ್ಕು ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಬೇರೆಯವರ ನೋರೆಗೆ ಬಂದವರು ಕೇಳಿಯೇ ನೀರು ಮುಟ್ಟಬೇಕು. ಕೇಳಿದರೆ ಇಲ್ಲ ಎನ್ನುವುದು ಕಡಿಮೆ, ಆದರೆ ಕೇಳದೆ ಬಂದರೆ ಅದು ತಪ್ಪು. ವಸ್ತುಗಳಿಗೂ ಅಷ್ಟೆ. ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನಿಂದ ಮಾಡಿದ ಮಣಿಸರದಂಥ ಉಡುಗೊರೆಗಳನ್ನು ಒಬ್ಬರಿಗೊಬ್ಬರು ಕೊಟ್ಟು, ತಡವಾಗಿ ಮರಳಿ ಪಡೆದು, ನೂರಾರು ಕಿಲೋಮೀಟರ್ ದೂರದವರೆಗೂ ನಂಟು ಬೆಳೆಸುವ 'ಹರೋ' ಪದ್ಧತಿ ಅವರಲ್ಲಿದೆ. ಬರಗಾಲ ಬಂದಾಗ ಯಾರ ನೀರಿನ ಬಳಿಗೆ ಹೋಗಬಹುದು ಎಂಬುದು ಈ ಕೊಡು ಕೊಳ್ಳುವಿಕೆಯ ಮೇಲೆ ನಿಂತಿರುತ್ತದೆ. ಇಷ್ಟೆಲ್ಲ ಲೆಕ್ಕಾಚಾರ ಇರುವ ಜನರನ್ನು 'ಸ್ವಂತ ಎಂಬ ಕಲ್ಪನೆಯೇ ಇಲ್ಲದವರು' ಎಂದು ಕರೆದರೆ, ಅವರ ನೆಲ ಯಾರದ್ದೂ ಅಲ್ಲ ಎಂದಂತೆ. ಯಾರದ್ದೂ ಅಲ್ಲದ ನೆಲವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದಲ್ಲ!

ತೆಗೆದುಕೊಂಡೂ ಆಗಿತ್ತು. ಸಿನಿಮಾ ತಯಾರಾಗುವ ಹೊತ್ತಿಗೆ ಇಂದಿನ ನಮೀಬಿಯಾ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಹಿಡಿತದಲ್ಲಿತ್ತು. 1970ರಲ್ಲಿ 'ಬುಷ್‌ಮನ್‌ಲ್ಯಾಂಡ್' ಎಂಬ ಗಡಿ ಎಳೆದು ಜುಹುವಾಂಸಿಗಳ ಸಾಂಪ್ರದಾಯಿಕ ನೆಲದ ಬಹುಭಾಗವನ್ನು ಅವರಿಂದ ಬೇರ್ಪಡಿಸಲಾಗಿತ್ತು. ಬೇಟೆ, ಗೆಡ್ಡೆ ಗೆಣಸಿನ ಬದುಕಿಗೆ ಉಳಿದ ಜಾಗ ಸಾಲುತ್ತಿರಲಿಲ್ಲ. ಸರ್ಕಾರ ಕಟ್ಟಿದ ತ್ಸುಮ್‌ಕ್ವೆ ಎಂಬ ಪುಟ್ಟ ಆಡಳಿತ ಕೇಂದ್ರದ ಸುತ್ತ ಜನ ಬಂದು ನೆಲೆಸಿದ್ದರು. ರೇಷನ್ನಿನ ಜೋಳದ ಹಿಟ್ಟು, ಅಂಗಡಿಯ ಸಕ್ಕರೆ, ಸಾರಾಯಿ, ಕ್ಷಯರೋಗ, ಕೆಲಸವಿಲ್ಲದ ಗಂಡಸರು. ಅಲ್ಲಿಯವರೇ ಅದನ್ನು ಸಾವಿನ ಜಾಗ ಎನ್ನುತ್ತಿದ್ದರು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಸ್ವಾಪೊ ಸಂಘಟನೆಯ ವಿರುದ್ಧ ಬಳಸಲು ದಕ್ಷಿಣ ಆಫ್ರಿಕಾ ಸೇನೆ ಇದೇ ಊರಿನ ಗಂಡಸರನ್ನು ಸಂಬಳ ಕೊಟ್ಟು ಸೇರಿಸಿಕೊಳ್ಳುತ್ತಿತ್ತು.

ಅಂದರೆ, ಕೋಕಾಕೋಲಾ ಬಾಟಲಿಯನ್ನೇ ಕಾಣದ ಜನರ ಕತೆಗೆ ನಟರನ್ನು ಆರಿಸಿದ್ದು ಅಂಗಡಿ, ಶಾಲೆ, ಸೈನ್ಯದ ಟ್ರಕ್ಕು ಎಲ್ಲ ಇದ್ದ ಊರಿನಿಂದ. ನಿಕಾವ್ ಹುಡುಗನಾಗಿದ್ದಾಗ ಹೆರೆರೊಗಳ ದನ ಕಾಯ್ದವನು, ಆಮೇಲೆ ತ್ಸುಮ್‌ಕ್ವೆಯ ಶಾಲೆಯಲ್ಲಿ ಅಡುಗೆ ಕೆಲಸ ಮಾಡಿದವನು. ಅವನಿಗೆ ನೋಟು ಎಂದರೇನೆಂದೇ ಗೊತ್ತಿರಲಿಲ್ಲ, ಕೊಟ್ಟ ಸಂಭಾವನೆಯನ್ನು ಗಾಳಿಗೆ ಬಿಟ್ಟ ಎಂಬೆಲ್ಲ ಕತೆಗಳು ಪತ್ರಿಕೆಗಳಲ್ಲಿ ಬಂದವು. ಸಿನಿಮಾದ ಪ್ರಚಾರಕ್ಕೆ ಅದಕ್ಕಿಂತ ಒಳ್ಳೆಯ ಸರಕು ಬೇರೆ ಇರಲಿಲ್ಲ. ಕೆಲವೇ ನೂರು ಡಾಲರ್ ಎಂದು ವರದಿಯಾದ ಆ ಸಂಭಾವನೆ ಎಷ್ಟು ಕಡಿಮೆಯಾಗಿತ್ತು ಎಂಬ ಪ್ರಶ್ನೆಗೂ ಅದರಿಂದ ಬಿಡುಗಡೆ ಸಿಕ್ಕಿತು. ದುಡ್ಡೇ ಗೊತ್ತಿಲ್ಲದವನಿಗೆ ಎಷ್ಟು ಕೊಟ್ಟರೇನು!

ಮೇಕೆ ಕದ್ದ ತಪ್ಪಿಗೆ

ಚಿತ್ರದಲ್ಲಿ ಒಂದು ಪ್ರಸಂಗ ಬರುತ್ತದೆ. ಹಸಿದ ಶಿ ದಾರಿಯಲ್ಲಿ ಮೇಯುತ್ತಿದ್ದ ಒಂದು ಮೇಕೆಗೆ ಬಾಣ ಬಿಡುತ್ತಾನೆ. ಪೊಲೀಸರು ಹಿಡಿಯುತ್ತಾರೆ, ನ್ಯಾಯಾಲಯ ಜೈಲಿಗೆ ಹಾಕುತ್ತದೆ. ಏನು ನಡೆಯುತ್ತಿದೆ ಎಂದೇ ಅವನಿಗೆ ತಿಳಿಯುವುದಿಲ್ಲ, ಎಲ್ಲರಿಗೂ ನಗುತ್ತ ನಮಸ್ಕರಿಸುತ್ತಾನೆ. ನಾವೂ ನಗುತ್ತೇವೆ.

ನನ್ನ ಮಟ್ಟಿಗೆ ಇಡೀ ಸಿನಿಮಾದಲ್ಲಿ ವಾಸ್ತವಕ್ಕೆ ಅತಿ ಹತ್ತಿರ ಬರುವ ದೃಶ್ಯ ಇದೇ. ಬೇಟೆಯ ನೆಲದ ಮೇಲೆ ಬೇರೆಯವರ ದನ ಮೇಕೆಗಳು ಬಂದಾಗ, ಬೇಟೆಯೇ ಅಪರಾಧವಾದಾಗ, ಸಾನ್ ಜನ ಜಾನುವಾರು ಕಳ್ಳತನ, ಕಳ್ಳಬೇಟೆ ಎಂಬ ಆರೋಪದಲ್ಲಿ ಜೈಲು ಸೇರಿದ್ದು ದಕ್ಷಿಣ ಆಫ್ರಿಕಾ ಖಂಡಭಾಗದ ಎಲ್ಲ ದೇಶಗಳ ಇತಿಹಾಸದಲ್ಲೂ ಇದೆ. ಮೇಕೆ ಅಲ್ಲಿಗೆ ಹೇಗೆ ಬಂತು, ಆ ನೆಲ ಮೊದಲು ಯಾರದಾಗಿತ್ತು ಎಂದು ಚಿತ್ರ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳುವುದಿಲ್ಲ. ಶಿಯ ಕಷ್ಟಕ್ಕೆ ಕಾರಣ ಅವನ ಮುಗ್ಧತೆ ಎಂದು ತೋರಿಸಿ ಮುಂದೆ ಸಾಗುತ್ತದೆ. ಅತ್ತ ಚಿತ್ರದ ಇನ್ನೊಂದು ಎಳೆಯಲ್ಲಿ ಬರುವ ಕರಿಯ ಗೆರಿಲ್ಲಾಗಳು ಗುರಿ ತಪ್ಪುವ, ಇಸ್ಪೀಟಾಡುವ ದಡ್ಡರು. ಹೊರಗಡೆ ನಿಜವಾದ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ತೆಗೆದ ಚಿತ್ರ ಇದು ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ ಆ ಹಾಸ್ಯ ಬೇರೆ ಥರ ಕಾಣುತ್ತದೆ. ವರ್ಣಭೇದದ ಕಾರಣಕ್ಕೆ ದಕ್ಷಿಣ ಆಫ್ರಿಕಾದ ಸರಕುಗಳಿಗೆ ಬಹಿಷ್ಕಾರವಿದ್ದಾಗ ಇದು ಬೋಟ್ಸ್‌ವಾನಾದ ಚಿತ್ರ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋಯಿತು. 1984ರಲ್ಲಿ ಅಮೆರಿಕಕ್ಕೆ ಹೋದಾಗ ಥಿಯೇಟರುಗಳ ಮುಂದೆ ಪ್ರತಿಭಟನೆಯೂ ಆಯಿತು, ಆ ಕಾಲಕ್ಕೆ ಅಲ್ಲಿ ಅತಿ ಹೆಚ್ಚು ಗಳಿಸಿದ ವಿದೇಶಿ ಚಿತ್ರ ಎಂಬ ದಾಖಲೆಯೂ ಆಯಿತು.

ಜಪಾನಿನಲ್ಲಿ ಇದು 'ಬುಷ್‌ಮನ್' ಎಂಬ ಹೆಸರಿನಲ್ಲೇ ದೊಡ್ಡ ಹಿಟ್ ಆಗಿತ್ತು. ಮುಂದೆ ಆ ಪದಕ್ಕೆ ಆಕ್ಷೇಪ ಬಂದು ಹೆಸರನ್ನು 'ಖೊಯ್‌ಸಾನ್ ಮನ್' ಎಂದು ಬದಲಿಸಿದರು. ಹೆಸರು ತಿದ್ದಿದ್ದಾಯಿತು, ಒಳಗಿರುವುದು ಹಾಗೇ ಉಳಿಯಿತು. 1989ರಲ್ಲಿ ಎರಡನೇ ಭಾಗ ಬಂತು. ಆಮೇಲೆ ಹಾಂಗ್‌ಕಾಂಗ್‌ನವರು ನಿಕಾವ್‌ನನ್ನು ಕರೆಸಿಕೊಂಡು 'ಕ್ರೇಜಿ ಸಫಾರಿ', 'ಕ್ರೇಜಿ ಹಾಂಗ್‌ಕಾಂಗ್' ಎಂಬ ಚಿತ್ರಗಳನ್ನು ತೆಗೆದರು. ಮೊದಲನೆಯದರಲ್ಲಿ ಅವನ ಜೊತೆಗೆ ಚೀನಾದ ಕುಪ್ಪಳಿಸುವ ಪ್ರೇತವೂ ಇದೆ! ನಟನೆಯ ದಿನಗಳು ಮುಗಿದ ಮೇಲೆ ನಿಕಾವ್ ಊರಿಗೆ ಮರಳಿ, ಇಟ್ಟಿಗೆಯ ಮನೆ ಕಟ್ಟಿಸಿಕೊಂಡು, ಮೆಕ್ಕೆಜೋಳ, ಕುಂಬಳ, ಅವರೆ ಬೆಳೆದು, ಒಂದಿಷ್ಟು ದನ ಸಾಕಿಕೊಂಡಿದ್ದ. 2003ರ ಜುಲೈನಲ್ಲಿ ತೀರಿಕೊಂಡ. ಕ್ಷಯರೋಗವಿತ್ತು.

ಅದೇ ವರ್ಷ, ಅದೇ ಊರು, ಇನ್ನೊಂದು ಕ್ಯಾಮೆರಾ

ಈ ವಿಷಯದಲ್ಲಿ ನಮಗೆ ಒಂದು ಅಪರೂಪದ ಅದೃಷ್ಟವಿದೆ. ಆಯ್ಸ್ ತಮ್ಮ ಚಿತ್ರ ತೆಗೆಯುತ್ತಿದ್ದಾಗ ಅದೇ ತ್ಸುಮ್‌ಕ್ವೆಯಲ್ಲಿ ಇನ್ನೊಬ್ಬರು ಕ್ಯಾಮೆರಾ ಹಿಡಿದು ನಿಂತಿದ್ದರು. ಅವರು ಅಮೆರಿಕದ ಸಾಕ್ಷ್ಯಚಿತ್ರಕಾರ ಜಾನ್ ಮಾರ್ಷಲ್. 1980ರಲ್ಲಿ ಆಡ್ರಿಯನ್ ಮೀಸ್ಮರ್ ಜೊತೆಗೂಡಿ ಅವರು ಮಾಡಿದ 'ನೈ: ದಿ ಸ್ಟೋರಿ ಆಫ್ ಎ ಕುಂಗ್ ವುಮನ್' ಸುಮಾರು ಒಂದು ಗಂಟೆಯ ಚಿತ್ರ. ನೈ ಎಂಬ ಹೆಂಗಸು ತನ್ನ ಬಾಲ್ಯ, ಬೇಡವೆಂದರೂ ಆದ ಬಾಲ್ಯವಿವಾಹ, ಕಾಡಿನಲ್ಲಿ ಹೊಟ್ಟೆ ತುಂಬಿದ ದಿನಗಳು, ಈಗಿನ ರೇಷನ್ ಹಿಟ್ಟಿನ ಸಾಲು ಎಲ್ಲವನ್ನೂ ತಾನೇ ಹೇಳುತ್ತಾಳೆ. ಕ್ಯಾಮೆರಾದವರು ಕೊಡುವ ದುಡ್ಡಿನಿಂದಾಗಿ ನೆರೆಯವರು ತನ್ನ ಮೇಲೆ ಕರುಬುತ್ತಾರೆ ಎಂಬುದನ್ನೂ ಬಿಡುವುದಿಲ್ಲ.

ಆ ಚಿತ್ರದಲ್ಲಿ ಒಂದು ದೃಶ್ಯವಿದೆ. ಆಯ್ಸ್ ಅವರ ತಂಡ ಕಾಡಿನ ಕುಟುಂಬದ ದೃಶ್ಯವೊಂದನ್ನು ಚಿತ್ರೀಕರಿಸುತ್ತಿದೆ, ಮಾರ್ಷಲ್ ಕ್ಯಾಮೆರಾ ಅದನ್ನು ಪಕ್ಕದಿಂದ ನೋಡುತ್ತಿದೆ. ಮೈಮೇಲಿನ ಬಟ್ಟೆ ಬಿಚ್ಚಿ ಚರ್ಮದ ಉಡುಗೆ ತೊಟ್ಟ ಊರಿನ ಜನ, ಹೇಳಿಕೊಟ್ಟ ಹಾಗೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಾರೆ. ಆ ತುಣುಕು ನೋಡಿದವರಿಗೆ ಬಾಟಲಿಯ ಸಿನಿಮಾವನ್ನು ಹಳೆಯ ಕಣ್ಣಿನಿಂದ ನೋಡುವುದು ಕಷ್ಟ. ನೈ ಚಿತ್ರದ ಕೆಲಸದಲ್ಲಿ ಪಾಲುಗೊಂಡಿದ್ದ ಮಾನವಶಾಸ್ತ್ರಜ್ಞೆ ಟೋಬಿ ವೋಲ್ಕ್‌ಮನ್ 1985ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದು, ತೆರೆಯ ಮೇಲಿನ ನಗುವಿಗೂ ಬುಷ್‌ಮನ್‌ಲ್ಯಾಂಡ್‌ನ ಸ್ಥಿತಿಗೂ ಇರುವ ದೂರವನ್ನು ಓದುಗರ ಮುಂದಿಟ್ಟರು.

ಹಾಗಾದರೆ ಕಥಾಚಿತ್ರ ಸುಳ್ಳು, ಸಾಕ್ಷ್ಯಚಿತ್ರ ಸತ್ಯ ಎಂದು ತೀರ್ಮಾನಿಸಿಬಿಡಬಹುದೇ? ಅಷ್ಟು ಸುಲಭವಿಲ್ಲ. ಮಾರ್ಷಲ್ ಅವರ ಕತೆಯೇ ಅದಕ್ಕೆ ಉದಾಹರಣೆ.

ಜಿರಾಫೆ ಒಂದೇ, ಬೇಟೆ ಹಲವು

ಮಾರ್ಷಲ್ ಕುಟುಂಬ 1950ರ ದಶಕದ ಆರಂಭದಲ್ಲಿ ನ್ಯಾಯ್ ನ್ಯಾಯ್‌ಗೆ ಬಂದಾಗ ಜಾನ್‌ಗೆ ಇನ್ನೂ ಹದಿಹರೆಯ ದಾಟಿರಲಿಲ್ಲ. ತಂದೆ ಲಾರೆನ್ಸ್, ರೇಥಿಯಾನ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ತಾಯಿ ಲೋರ್ನಾ ಮಾರ್ಷಲ್ ಅಲ್ಲಿ ಕುಳಿತು ಕಲಿತು ಮಾನವಶಾಸ್ತ್ರಜ್ಞೆಯಾದರು. ನೋರೆಯ ಬಗ್ಗೆ ಜಗತ್ತಿಗೆ ತಿಳಿದದ್ದರಲ್ಲಿ ದೊಡ್ಡ ಪಾಲು ಅವರ ಬರವಣಿಗೆಯದು. ಅಕ್ಕ ಎಲಿಜಬೆತ್ ಮಾರ್ಷಲ್ ಥಾಮಸ್ 1959ರಲ್ಲಿ ಬರೆದ 'ದಿ ಹಾರ್ಮ್‌ಲೆಸ್ ಪೀಪಲ್' ಪ್ರಸಿದ್ಧ ಪುಸ್ತಕ. ಮಗನ ಕೈಗೆ ತಂದೆ ಕ್ಯಾಮೆರಾ ಕೊಟ್ಟರು.

ಆ ಕ್ಯಾಮೆರಾದಿಂದ ಬಂದದ್ದು 1957ರ 'ದಿ ಹಂಟರ್ಸ್'. ನಾಲ್ವರು ಬೇಟೆಗಾರರು ಒಂದು ಜಿರಾಫೆಗೆ ವಿಷದ ಬಾಣ ಬಿಟ್ಟು, ಐದು ದಿನ ಅದರ ಹೆಜ್ಜೆ ಹಿಡಿದು ಹೋಗಿ, ಕೊನೆಗೆ ಮಾಂಸ ಹೊತ್ತು ತಂದು ಹಂಚಿಕೊಳ್ಳುವ ಕತೆ. ಬಾಣಕ್ಕೆ ಬಳಿಯುವ ಜೀರುಂಡೆ ಹುಳುವಿನ ವಿಷ, ಹೆಜ್ಜೆ ಗುರುತು ಓದುವ ರೀತಿ, ಮಾಂಸ ಪಾಲು ಮಾಡುವ ಕ್ರಮ ಎಲ್ಲವೂ ಕಣ್ಣಾರೆ ಕಂಡದ್ದು. ದಶಕಗಳ ಕಾಲ ಅಮೆರಿಕದ ಕಾಲೇಜುಗಳಲ್ಲಿ ಮಾನವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ಪಾಠವಾಗಿ ತೋರಿಸಿದರು.

ಆದರೆ ಆ ಒಂದು ಬೇಟೆ ಒಂದು ಬೇಟೆಯಲ್ಲ. ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಪ್ರಾಣಿಗಳ ಹಿಂದೆ ಹೋದ ಹಲವು ಬೇಟೆಗಳ ತುಣುಕುಗಳನ್ನು ಜೋಡಿಸಿ ಕಟ್ಟಿದ್ದು. ಚಿತ್ರತಂಡದ ಜೀಪು ಚೌಕಟ್ಟಿನೊಳಗೆ ಬರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಒತ್ತು ಬಿದ್ದ ಜಾಗದ್ದು. ಈ ಜನ ಬದುಕುವುದೇ ಬೇಟೆಯಿಂದ, ಬೇಟೆ ಸಿಗದಿದ್ದರೆ ಹಸಿವು ಎಂಬ ಭಾವನೆ ನೋಡಿದವರಲ್ಲಿ ಉಳಿಯುತ್ತದೆ. ರಿಚರ್ಡ್ ಲೀ ಮುಂದೆ ತೂಗಿ ಲೆಕ್ಕ ಹಾಕಿದಾಗ ಕಂಡದ್ದು ಬೇರೆ: ದೋಬೆಯ ಜನರ ಆಹಾರದಲ್ಲಿ ಹೆಚ್ಚು ಪಾಲು ಬರುತ್ತಿದ್ದದ್ದು ಮೊಂಗೊಂಗೊ ಬೀಜ, ಗೆಡ್ಡೆ, ಹಣ್ಣುಗಳಂಥ ಸಸ್ಯಗಳಿಂದ, ಅದರಲ್ಲಿ ಹೆಚ್ಚಿನದನ್ನು ತರುತ್ತಿದ್ದವರು ಹೆಂಗಸರು. ಬೆನ್ನ ಮೇಲೆ ಮಗು, ಕೈಯಲ್ಲಿ ಅಗೆಯುವ ಕೋಲು ಹಿಡಿದು ದಿನಕ್ಕೆ ಹಲವು ಮೈಲಿ ನಡೆಯುವ ಹೆಂಗಸಿನ ಹಿಂದೆ ಕ್ಯಾಮೆರಾ ಹೋಗಲಿಲ್ಲ. ಜಿರಾಫೆಯ ಹಿಂದೆ ಹೋಯಿತು. ಯಾಕೆಂದರೆ ಗೆಣಸು ಓಡುವುದಿಲ್ಲ, ಅದರಲ್ಲಿ ರೋಮಾಂಚನವಿಲ್ಲ.

ಇದನ್ನು ಕಟುವಾಗಿ ಟೀಕಿಸಿದವರಲ್ಲಿ ಸ್ವತಃ ಮಾರ್ಷಲ್ ಮುಂದಿದ್ದರು. 1958ರಿಂದ ಇಪ್ಪತ್ತು ವರ್ಷ ದಕ್ಷಿಣ ಆಫ್ರಿಕಾದ ಆಡಳಿತ ಅವರಿಗೆ ನ್ಯಾಯ್ ನ್ಯಾಯ್‌ಗೆ ಪ್ರವೇಶ ಕೊಡಲಿಲ್ಲ. 1978ರಲ್ಲಿ ಮರಳಿ ಬಂದು ತ್ಸುಮ್‌ಕ್ವೆಯ ಸ್ಥಿತಿ ನೋಡಿದ ಮೇಲೆ ಅವರ ಕೆಲಸದ ದಿಕ್ಕೇ ಬದಲಾಯಿತು. ಕ್ಲೇರ್ ರಿಚಿ ಜೊತೆ ಸೇರಿ ಜನ ತಮ್ಮ ನೋರೆಗಳಿಗೆ ಮರಳಲು, ಬೋರ್‌ವೆಲ್ ತೋಡಲು, ದನ ಸಾಕಲು ನೆರವಾಗುವ ಸಂಸ್ಥೆ ಕಟ್ಟಿದರು. ಕ್ಯಾಮೆರಾವನ್ನೂ ಬಿಡಲಿಲ್ಲ. ಐವತ್ತು ವರ್ಷಗಳ ಈ ಚಿತ್ರೀಕರಣದಿಂದ ಹುಟ್ಟಿದ್ದು 2002ರ 'ಎ ಕಲಹಾರಿ ಫ್ಯಾಮಿಲಿ', ಐದು ಭಾಗಗಳಲ್ಲಿ ಸುಮಾರು ಆರು ಗಂಟೆ. ತೋಮಾ ಎಂಬ ಹಿರಿಯನ ಕುಟುಂಬದ ಅದೇ ಮಕ್ಕಳು ಬೆಳೆದು, ಮುದುಕರಾಗಿ, ಸಭೆಗಳಲ್ಲಿ ನಿಂತು ತಮ್ಮ ನೀರಿಗಾಗಿ ವಾದಿಸುವುದನ್ನು ಅದರಲ್ಲಿ ಕಾಣಬಹುದು. ಸಮಯವೇ ಇಲ್ಲದ ಜನ ಎಂದು ಬೇರೆ ಚಿತ್ರಗಳು ತೋರಿಸಿದವರ ಮುಖದ ಮೇಲೆ ಸಮಯ ಸರಿಯುವುದನ್ನು ನೋಡುವುದೇ ಒಂದು ಅನುಭವ. ಮಾರ್ಷಲ್ 2005ರಲ್ಲಿ ನಿಧನರಾದರು. ಅವರ ಜುಹುವಾಂಸಿ ಚಿತ್ರಸಂಗ್ರಹ 2009ರಲ್ಲಿ ಯುನೆಸ್ಕೊದ 'ವಿಶ್ವದ ನೆನಪು' ಪಟ್ಟಿಗೆ ಸೇರಿತು.

ಆ ಸರಣಿಯ ಕೊನೆಯ ಭಾಗದ ಹೆಸರು 'ಡೆತ್ ಬೈ ಮಿಥ್', ಅಂದರೆ ಕಟ್ಟುಕತೆಯಿಂದ ಸಾವು. ಬುಷ್‌ಮನ್ನರು ಹುಟ್ಟು ಬೇಟೆಗಾರರು, ಬೇಸಾಯ, ದನ ಅವರಿಗೆ ಒಗ್ಗುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1980ರ ದಶಕದಲ್ಲಿ ಅವರ ಉಳಿದ ನೆಲವನ್ನೂ ವನ್ಯಧಾಮ ಮಾಡುವ ಯೋಜನೆ ಬಂತು. ಜನ ಅದರೊಳಗೆ 'ಸಾಂಪ್ರದಾಯಿಕವಾಗಿ' ಬಿಲ್ಲು ಬಾಣ ಹಿಡಿದು ಇರಬಹುದು, ಪ್ರವಾಸಿಗರು ಬಂದು ನೋಡಬಹುದು! ಜುಹುವಾಂಸಿಗಳೂ ಮಾರ್ಷಲ್ ಕೂಡ ಅದನ್ನು ವಿರೋಧಿಸಿದರು, ಯೋಜನೆ ಬಿತ್ತು. ನಮೀಬಿಯಾ 1990ರಲ್ಲಿ ಸ್ವತಂತ್ರವಾದ ಮೇಲೆ, 1998ರಲ್ಲಿ, ಅಲ್ಲಿ ನ್ಯಾಯ್ ನ್ಯಾಯ್ ಕನ್ಸರ್ವೆನ್ಸಿ ಸ್ಥಾಪನೆಯಾಯಿತು. ಕಾಡುಪ್ರಾಣಿಗಳಿಂದ ಬರುವ ಆದಾಯದ ಮೇಲೆ ಸಮುದಾಯಕ್ಕೇ ಹಕ್ಕು ಕೊಡುವ, ಆ ದೇಶದ ಮೊದಲ ಇಂಥ ವ್ಯವಸ್ಥೆ ಅದು. ದುಡ್ಡೆಲ್ಲ ಪ್ರಾಣಿಗಳ ಕಡೆಗೆ ಹರಿದು ತೋಟ, ಬೋರ್‌ವೆಲ್ ಸೊರಗಿದವು ಎಂದು ಮಾರ್ಷಲ್ ಇದನ್ನೂ ಟೀಕಿಸಿದರು. ಆ ವಾದ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಅಪ್ಪಟ ಆದರೂ ಕಷ್ಟ, ಅಲ್ಲದಿದ್ದರೂ ಕಷ್ಟ

ಚಿತ್ರದೊಳಗಿನ ಕಲ್ಪನೆ ಕಡತದೊಳಗೆ ಹೋಗುವುದು ಹೇಗೆ ಎಂಬುದಕ್ಕೆ ನಮೀಬಿಯಾದ ಎಟೋಶಾ ಹಳೆಯ ಉದಾಹರಣೆ. 1925ರಲ್ಲಿ 'ಡೆನ್ವರ್ ಆಫ್ರಿಕನ್ ಎಕ್ಸ್‌ಪೆಡಿಷನ್' ಎಂಬ ಅಮೆರಿಕದ ತಂಡ ಈ ಭಾಗದ ಹೈಓಂ ಜನರನ್ನು ಚಿತ್ರೀಕರಿಸಿ, ಆದಿಮಾನವರನ್ನೇ ಕಂಡುಹಿಡಿದ ಹಾಗೆ ಪ್ರಚಾರ ಮಾಡಿತು. ಅದಾಗಿ ಮೂವತ್ತು ವರ್ಷದೊಳಗೆ, 1954ರಲ್ಲಿ, ಅದೇ ಹೈಓಂಗಳನ್ನು ಎಟೋಶಾ ವನ್ಯಧಾಮದಿಂದ ಹೊರಹಾಕಲಾಯಿತು. ಇವರು ಉಳಿಸಿಕೊಳ್ಳಬೇಕಾದಷ್ಟು 'ಅಪ್ಪಟ' ಬುಷ್‌ಮನ್ನರಲ್ಲ ಎಂಬ ವಾದವೂ ಅದರ ಹಿಂದೆ ಕೆಲಸ ಮಾಡಿತ್ತು. ಕ್ಯಾಮೆರಾದ ಮುಂದೆ ಅಪ್ಪಟ, ಕಚೇರಿಯ ಮುಂದೆ ಕಲಬೆರಕೆ.

ಬೋಟ್ಸ್‌ವಾನಾದಲ್ಲಿ ಇದೇ ವಾದ ಮತ್ತೆ ಬಂತು. 1961ರಲ್ಲಿ ಸ್ಥಾಪನೆಯಾದ ಸೆಂಟ್ರಲ್ ಕಲಹಾರಿ ವನ್ಯಧಾಮದಲ್ಲಿ ತಲೆಮಾರುಗಳಿಂದ ಇದ್ದ ಸಾನ್ ಜನರನ್ನು 1997ರಲ್ಲಿ, ಮತ್ತೆ 2002ರಲ್ಲಿ ಹೊರಗೆ ಸಾಗಿಸಲಾಯಿತು. ಇವರು ಈಗ ಮೇಕೆ, ಕತ್ತೆ ಸಾಕುತ್ತಾರೆ, ಬದುಕಿನ ರೀತಿ ಬದಲಾಗಿದೆ, ವನ್ಯಜೀವಿಗಳಿಗೆ ಇದು ಹೊಂದುವುದಿಲ್ಲ ಎಂಬುದು ಸರ್ಕಾರದ ಸಮರ್ಥನೆಗಳಲ್ಲಿ ಒಂದು. ರಾಯ್ ಸೆಸಾನಾ ಮತ್ತು ಇತರರು ಹೈಕೋರ್ಟಿಗೆ ಹೋದರು. 2006ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅವರ ಪರ ತೀರ್ಪು ಕೊಟ್ಟಿತು. ಒಳಗಿನ ಬೋರ್‌ವೆಲ್ ಬಳಸಲು ಮತ್ತೆ ಕೋರ್ಟಿಗೆ ಹೋಗಬೇಕಾಯಿತು, ಅದರ ಹಕ್ಕು ಸಿಕ್ಕಿದ್ದು 2011ರಲ್ಲಿ.

ಬದಲಾಗದೆ ಇದ್ದರೆ ಪ್ರದರ್ಶನದ ವಸ್ತು, ಬದಲಾದರೆ ನೆಲದ ಹಕ್ಕು ಕಳೆದುಕೊಂಡವರು. ಬಾಟಲಿ ಕಂಡು ಬೆರಗಾಗುವ ಮನುಷ್ಯನನ್ನೇ ನಿಜವಾದ ಬುಷ್‌ಮನ್ ಎಂದು ಜಗತ್ತೆಲ್ಲ ನಂಬಿದ ಮೇಲೆ, ಟೀ ಶರ್ಟ್ ತೊಟ್ಟು ಬೋರ್‌ವೆಲ್ ಕೇಳುವವನ ಮಾತು ಯಾರಿಗೆ ಕೇಳಿಸೀತು?

ಬೇರೆ ಕಡೆ ಹೇಗೆ?

ಉಳಿದ ಆಫ್ರಿಕಾದ ಚಿತ್ರಗಳ ತಪ್ಪುಗಳು ಬೇರೆ ಬೇರೆ ಬಗೆಯವು. 1964ರ ಬ್ರಿಟಿಷ್ ಚಿತ್ರ 'ಜುಲು'ವಿನಲ್ಲಿ ಅರಸ ಸೆಟ್ಶ್‌ವಾಯೊ ಪಾತ್ರ ಮಾಡಿದ್ದು ಅವನದೇ ವಂಶದ ಮಂಗೊಸುತು ಬುಥೆಲೆಜಿ. ಮುಂದೆ ಅವರು ದಕ್ಷಿಣ ಆಫ್ರಿಕಾದ ದೊಡ್ಡ ರಾಜಕಾರಣಿಯಾದರು. ನೂರಾರು ಜುಲುಗಳೇ ನಟಿಸಿದ್ದರಿಂದ ಯುದ್ಧಸಜ್ಜು, ಹಾಡು, ನಡಿಗೆಗೆ ಒಂದು ಗಾಂಭೀರ್ಯ ಬಂದಿದೆ. ಆದರೆ 1879ರಲ್ಲಿ ಜುಲು ರಾಜ್ಯದ ಮೇಲೆ ದಂಡೆತ್ತಿ ಹೋದವರು ಬ್ರಿಟಿಷರು ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. ಕೊನೆಯಲ್ಲಿ ಜುಲು ಯೋಧರು ಬ್ರಿಟಿಷ್ ಸೈನಿಕರ ಶೌರ್ಯಕ್ಕೆ ಗೌರವ ಸಲ್ಲಿಸಿ ಮರಳುವ ಪ್ರಸಿದ್ಧ ದೃಶ್ಯ ನಡೆದದ್ದೇ ಅಲ್ಲ. 2005ರ ಜರ್ಮನ್ ಚಿತ್ರ 'ದಿ ವೈಟ್ ಮಸಾಯ್'ನಲ್ಲಿ ಹೆಸರಿನಿಂದಲೇ ಗೊಂದಲ: ಕತೆಯ ನಾಯಕ ಮಸಾಯ್ ಅಲ್ಲ, ಸಂಬೂರು. 'ಬ್ಲ್ಯಾಕ್ ಪ್ಯಾಂಥರ್' ಹಿಂಬಾ ಜನರ ಕೆಮ್ಮಣ್ಣಿನ ಜಡೆ, ಲೆಸೊತೊದ ಕಂಬಳಿ, ಎನ್‌ಡೆಬೆಲೆ ಕತ್ತುಪಟ್ಟಿ, ಷೋಸಾ ಭಾಷೆ ಎಲ್ಲವನ್ನೂ ಬೆರೆಸಿತು. ವಕಾಂಡಾ ಇಲ್ಲದ ದೇಶ ಎಂದು ಮೊದಲೇ ಹೇಳಿಬಿಟ್ಟಿರುವುದರಿಂದ ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಸಾಕ್ಷ್ಯಚಿತ್ರದ ಧ್ವನಿಯಲ್ಲಿ ಸುಳ್ಳು ಹೇಳುವುದಕ್ಕೂ ಇದಕ್ಕೂ ಅಜಗಜಾಂತರ.

ಇವೆಲ್ಲಕ್ಕಿಂತ ತೊಡಕಿನ ಪ್ರಕರಣ 2017ರ ದಕ್ಷಿಣ ಆಫ್ರಿಕಾ ಚಿತ್ರ 'ಇನ್‌ಶೇಬಾ', ಅರ್ಥ 'ಗಾಯ'. ಷೋಸಾ ಹುಡುಗರು ಗಂಡಸರಾಗುವ 'ಉಲ್ವಾಲುಕೊ' ದೀಕ್ಷೆಯ ಹಿನ್ನೆಲೆಯ ಕತೆ ಅದು. ಅಲ್ಲಿ ಎದ್ದ ಆಕ್ಷೇಪದ ಮುಖ್ಯ ಭಾಗ, ಗುಟ್ಟಾಗಿ ಇರಬೇಕಾದ್ದನ್ನು ತೋರಿಸಿದರು ಎಂಬುದು. 2018ರಲ್ಲಿ ಅದಕ್ಕೆ ಅಶ್ಲೀಲ ಚಿತ್ರಗಳಿಗೆ ಕೊಡುವ ದರ್ಜೆ ಕೊಟ್ಟು ಥಿಯೇಟರುಗಳಿಂದ ತೆಗೆಸಿದರು, ಅದೇ ವರ್ಷ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಸರಿಯಾಗಿ ತೋರಿಸಿದರೆ ಸಾಕೇ, ತೋರಿಸಲು ಒಪ್ಪಿಗೆ ಬೇಡವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಒಪ್ಪಿಗೆ ಕೇಳುವ ಕಾಲ

ಆ ಪ್ರಶ್ನೆಗೆ ಸಾನ್ ಜನ ತಮ್ಮದೇ ಉತ್ತರ ಸಿದ್ಧಪಡಿಸಿಕೊಂಡಿದ್ದಾರೆ. ದಕ್ಷಿಣ ಆಫ್ರಿಕಾ ಭಾಗದ ಸಾನ್ ಸಮುದಾಯಗಳು 1996ರಲ್ಲಿ 'ವಿಮ್ಸಾ' ಎಂ��� ಒಕ್ಕೂಟ ಕಟ್ಟಿಕೊಂಡ ಮೇಲೆ, ಚಿತ್ರ ತೆಗೆಯಲು ಅಥವಾ ಸಂಶೋಧನೆಗೆ ಬರುವವರು ಸಹಿ ಹಾಕಬೇಕಾದ ಒಪ್ಪಂದಪತ್ರ ಬಳಕೆಗೆ ಬಂತು. ಏನು ತೆಗೆಯುತ್ತೀರಿ, ಎಲ್ಲಿ ತೋರಿಸುತ್ತೀರಿ, ಎಷ್ಟು ಕೊಡುತ್ತೀರಿ ಎಂಬುದನ್ನು ಮೊದಲೇ ಬರೆದುಕೊಡಬೇಕು. 2017ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಕೌನ್ಸಿಲ್ ಕೇಪ್‌ಟೌನ್‌ನಲ್ಲಿ ಸಂಶೋಧಕರಿಗಾಗಿ ಒಂದು ನೀತಿಸಂಹಿತೆಯನ್ನು ಬಿಡುಗಡೆ ಮಾಡಿತು. ಆಫ್ರಿಕಾದ ಮೂಲನಿವಾಸಿ ಸಮುದಾಯವೊಂದು ತಾನೇ ಬರೆದ ಇಂಥ ಮೊದಲ ಸಂಹಿತೆ ಅದು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಸರಿಯಾದ ಕ್ರಮ ಎಂಬ ಐದು ಅಂಶಗಳು ಅದರಲ್ಲಿವೆ. ಸಮುದಾಯದ ರೂಢಿಗಳನ್ನು ಲೆಕ್ಕಿಸದೆ ಜನರ ಫೋಟೊ ತೆಗೆಯುವುದನ್ನು ಅದು ಹೆಸರಿಸಿ ಆಕ್ಷೇಪಿಸುತ್ತದೆ.

ಬಾಟಲಿಯ ಸಿನಿಮಾ ಮತ್ತೆ ಎಲ್ಲಾದರೂ ಕಂಡರೆ ನೋಡಬೇಡಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ನಿಕಾವ್‌ನ ನಟನೆ ಇಂದಿಗೂ ತಾಜಾ. ನೋಡುವಾಗ ನಿರೂಪಕನ ಧ್ವನಿಯನ್ನು ಸ್ವಲ್ಪ ತಗ್ಗಿಸಿ, ಶಿ ಮತ್ತು ಅವನ ಮನೆಯವರು ತಮ್ಮ ತಮ್ಮಲ್ಲಿ ಆಡುವ ಮಾತಿಗೆ ಕಿವಿಕೊಡಿ. ಅದು ನಮಗೆ ಅರ್ಥವಾಗುವುದಿಲ್ಲ, ಅರ್ಥ ಹೇಳುವವನು ಯಾವಾಗಲೂ ನಿರೂಪಕನೇ. ಅದು ಮುಗಿದ ಮೇಲೆ ನೈಳ ಚಿತ್ರ ಸಿಕ್ಕರೆ ಹಾಕಿಕೊಳ್ಳಿ. ಅಲ್ಲಿ ಮಾತಾಡುವವಳು ಅವಳೇ.